ಡೆಲವೇರ್ ನದಿ ದಾಟುವ ಮುನ್ನ ಪಿಸ್ತೂಲು ಮನೆಯಲ್ಲೇ ಇರಲಿ

ನಾನು ಕೊಡಗಿನವಳು. ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದೆ. ಕೊಡವರಿಗೂ ತಲೆಮಾರಿನಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದರಿಂದ ಬಂದೂಕು ನನಗೆ ಹೊಸದೇನಲ್ಲ. ಈಗ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ರಾತ್ರಿ ಪಾಳಿಯ ನರ್ಸ್. ಒಂದು ನಡುರಾತ್ರಿ ಪಾರ್ಕಿಂಗ್ ಗ್ಯಾರೇಜಿನಲ್ಲಿ ಒಬ್ಬ ಮೂರು ಮಹಡಿ ನನ್ನ ಹಿಂದೆಯೇ ಬಂದ. ಆ ತಿಂಗಳೇ ಪಿಸ್ತೂಲು ಕೊಂಡು, ಕೌಂಟಿ ಶೆರಿಫ್ ಕಚೇರಿಯಲ್ಲಿ ಅದನ್ನು ಮರೆಯಲ್ಲಿ ಹೊತ್ತು ತಿರುಗುವ ಪರ್ಮಿಟ್‌ಗೆ ಅರ್ಜಿ ಹಾಕಿದೆ. ಪೆನ್ಸಿಲ್ವೇನಿಯಾದಲ್ಲಿ ಅದು 5 ವರ್ಷ ನಡೆಯುತ್ತದೆ. ತರಬೇತಿ ಕಡ್ಡಾಯವಿಲ್ಲ, ಆದರೂ ದಯವಿಟ್ಟು ತರಬೇತಿ ಪಡೆಯಿರಿ.

ಪಿಸ್ತೂಲಿನ ಯೋಚನೆಗೂ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಕುಟುಂಬದವರದು), ವಿದ್ಯಾರ್ಥಿ ವೀಸಾದಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು, ಅಂದರೆ ಇಡೀ ದೇಶದ ಕಾನೂನು, ನಿಷೇಧಿಸಿದೆ. ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಗೆಳತಿಯ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಬಂದೂಕು ಹಿಡಿದರೂ ಈ ನಿಯಮ ಬೆನ್ನು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ವೀಸಾದ ಮೇಲಿರುವುದರಿಂದ ಈ ಮಾತನ್ನು ಮೊದಲೇ ಹೇಳಿದೆ.

ಇನ್ನು ರಾಜ್ಯಗಳ ಗಡಿಯ ವಿಷಯ. ಡ್ರೈವಿಂಗ್ ಲೈಸೆನ್ಸ್ ಎಲ್ಲ ರಾಜ್ಯಗಳಲ್ಲೂ ನಡೆಯುವಾಗ ಈ ಪರ್ಮಿಟ್ಟೂ ನಡೆಯಬೇಕಲ್ಲ ಎಂದು ನಾನೂ ಅಂದುಕೊಂಡಿದ್ದೆ. ನಡೆಯುವುದಿಲ್ಲ. ಹೊರಗಿನ ಪರ್ಮಿಟ್ ಒಪ್ಪುವುದು ಬಿಡುವುದು ಆಯಾ ರಾಜ್ಯದ ಇಷ್ಟ. ದೇಶಕ್ಕೆಲ್ಲ ಒಂದೇ ನಿಯಮ ತರುವ ಮಸೂದೆ 2017ರಲ್ಲಿ ಕೆಳಮನೆಯಲ್ಲಿ ಗೆದ್ದರೂ ಸೆನೆಟ್‌ನಲ್ಲಿ ಮುಂದೆ ಹೋಗಲಿಲ್ಲ. ಪಿಟ್ಸ್‌ಬರ್ಗ್‌ನಿಂದ ಪಶ್ಚಿಮಕ್ಕೆ ಒಹಾಯೋ, ದಕ್ಷಿಣಕ್ಕೆ ವೆಸ್ಟ್ ವರ್ಜೀನಿಯಾ: ಅಲ್ಲಿ 21 ತುಂಬಿದ ಅರ್ಹರಿಗೆ ಪರ್ಮಿಟ್ಟೇ ಬೇಕಿಲ್ಲ. ಮೇರಿಲ್ಯಾಂಡ್, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ನನ್ನ ಪರ್ಮಿಟ್ಟಿಗೆ ಬೆಲೆಯೇ ಇಲ್ಲ.

ಹೊರಡುವ ವಾರವೇ ದಾರಿಯ ಪ್ರತಿ ರಾಜ್ಯದ ಪೊಲೀಸ್ ಅಥವಾ ಅಟಾರ್ನಿ ಜನರಲ್ ಕಚೇರಿಯ ಪುಟ ತೆರೆದು ನೋಡಿ. ಎಲ್ಲಿ ಯಾವ ಪರ್ಮಿಟ್ ನಡೆಯುತ್ತದೆಂದು ತೋರಿಸುವ ಹಳೆಯ ನಕ್ಷೆ ನಂಬಬೇಡಿ. ಪರ್ಮಿಟ್ ಒಪ್ಪುತ್ತಾರೆಯೇ ಎಂಬುದೊಂದನ್ನೇ ನೋಡಿದರೆ ಸಾಲದು. ಮಿಷಿಗನ್ ಒಪ್ಪುವುದು ನೀವು ವಾಸವಿರುವ ರಾಜ್ಯ ಕೊಟ್ಟ ಪರ್ಮಿಟ್ಟನ್ನು ಮಾತ್ರ, ಮತ್ತು ಪೊಲೀಸರು ತಡೆದ ಕೂಡಲೇ ಬಂದೂಕಿದೆ ಎಂದು ನೀವಾಗಿಯೇ ಹೇಳಬೇಕು. ಒಹಾಯೋದಲ್ಲಿ ಕೇಳಿದರೆ ಹೇಳಬೇಕು. ಶಾಲೆಯ ಸುತ್ತಲಿನ 1,000 ಅಡಿಯೊಳಗೆ ಬಂದೂಕು ಒಯ್ಯದಂತೆ ಬೇರೆಯೇ ಫೆಡರಲ್ ಕಾನೂನಿದೆ. ಅದರ ವಿನಾಯಿತಿ ಸಿಗುವುದು ಆ ಶಾಲೆ ಇರುವ ರಾಜ್ಯವೇ ಕೊಟ್ಟ ಪರ್ಮಿಟ್ಟಿಗೆ. ಇಲ್ಲವಾದರೆ ಗುಂಡು ತೆಗೆದು ಪೆಟ್ಟಿಗೆಗೆ ಬೀಗ ಹಾಕಿರಬೇಕು.

ನನ್ನ ಮಗಳಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಐ-78 ಹೆದ್ದಾರಿಯಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್ ದಾಟಿ ಡೆಲವೇರ್ ನದಿಯ ಸೇತುವೆ ಏರಿದರೆ ಕಾನೂನೇ ಬೇರೆ. 2013ರಲ್ಲಿ ಫಿಲಡೆಲ್ಫಿಯಾದ ತಾಯಿಯೊಬ್ಬಳನ್ನು ನ್ಯೂಜೆರ್ಸಿ ಪೊಲೀಸರು ಸಂಚಾರ ನಿಯಮದ ಸಣ್ಣ ತಪ್ಪಿಗೆ ತಡೆದರು. ಪೆನ್ಸಿಲ್ವೇನಿಯಾ ಪರ್ಮಿಟ್ ಇತ್ತು, ಬಂದೂಕಿದೆ ಎಂದು ಆಕೆಯೇ ಪ್ರಾಮಾಣಿಕವಾಗಿ ಹೇಳಿದಳು. ಬಂಧನವಾಯಿತು, ಮೂರೂವರೆ ವರ್ಷದ ಕನಿಷ್ಠ ಶಿಕ್ಷೆಯ ಕತ್ತಿ ತಲೆಯ ಮೇಲೆ ತೂಗಿತು. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟ ಮೇಲೆಯೇ ಆ ಪ್ರಕರಣ ಪೂರ್ತಿ ಮುಗಿದದ್ದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗುಂಡು ತೆಗೆದು, ಬೀಗ ಹಾಕಿ, ಡಿಕ್ಕಿಯಲ್ಲಿಟ್ಟರೆ ಸರಿಯಲ್ಲವೇ ಎಂದು ಕೇಳುತ್ತಾರೆ. 1986ರ ಫೆಡರಲ್ ಕಾನೂನು ಅಂಥ ಪ್ರಯಾಣಕ್ಕೆ ರಕ್ಷಣೆ ಕೊಡುವುದು ನಿಜ. ಆದರೆ ಹೊರಟ ಊರು, ತಲುಪುವ ಊರು ಎರಡರಲ್ಲೂ ಆ ಪಿಸ್ತೂಲನ್ನು ಇಟ್ಟುಕೊಳ್ಳಲು, ಹೊತ್ತು ತಿರುಗಲು ನಿಮಗೆ ಹಕ್ಕಿರಬೇಕು. ಅದು ಹಾದುಹೋಗುವವರ ಕಾನೂನು. ನಾನು ಮಗಳ ಮನೆಯಲ್ಲಿ ಉಳಿಯುವವಳು. ಹಾಗಾಗಿ ನನ್ನ ಪಿಸ್ತೂಲು ಪಿಟ್ಸ್‌ಬರ್ಗ್‌ನ ತಿಜೋರಿ ಬಿಟ್ಟು ಹೊರಡುವುದಿಲ್ಲ.

ಅಂದಹಾಗೆ, ಆ ಗ್ಯಾರೇಜಿನಲ್ಲಿ ನನ್ನನ್ನು ಉಳಿಸಿದ್ದು ಗಂಟಲು. ತಿರುಗಿ ನಿಂತು, ಕೈ ಮುಂದೆ ಚಾಚಿ, "ಏಯ್, ಅಲ್ಲೇ ನಿಲ್ಲು!" ಎಂದು ಕನ್ನಡದಲ್ಲೇ ಕಿರುಚಿದೆ. ಅವನು ಮೆಟ್ಟಿಲಿಳಿದು ಓಡಿದ. ಕೂಗುವುದನ್ನೂ ಅಭ್ಯಾಸ ಮಾಡಬೇಕು. ಮೆಲ್ಲಗೆ ಮಾತಾಡು ಎಂದು ಬೆಳೆಸಿದ ನಮಗೆ ಅದೇ ಕಷ್ಟ. ಅನೇಕ ಕ್ಯಾಂಪಸ್ ಪೊಲೀಸರು ಹೆಂಗಸರಿಗೆಂದೇ ತರಗತಿ ನಡೆಸುತ್ತಾರೆ, ವಿಚಾರಿಸಿ. ಮತ್ತೊಂದು ಮಾತು: ಕೈಯೆತ್ತುವವನು ಮನೆಯೊಳಗೇ ಇದ್ದರೆ ಆ ಮನೆಗೆ ಪಿಸ್ತೂಲು ತರಬೇಡಿ. ಅಮೆರಿಕದ ಗೃಹ ಹಿಂಸೆ ಸಹಾಯವಾಣಿ 1-800-799-7233ಕ್ಕೆ ಫೋನ್ ಮಾಡಿ.

ಪೆಪ್ಪರ್ ಸ್ಪ್ರೇಗೂ ಗಡಿ ಉಂಟು. ನ್ಯೂಜೆರ್ಸಿಯಲ್ಲಿ ಮುಕ್ಕಾಲು ಔನ್ಸಿಗಿಂತ ದೊಡ್ಡ ಡಬ್ಬಿ ಕೂಡದು, ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ. ಕಳೆದ ಸಲ ಮಗಳಿಗೂ ಒಂದು ಚಿಕ್ಕ ಡಬ್ಬಿ ಒಯ್ದೆ, ಜೊತೆಗೆ ಖಾರವಿಲ್ಲದ ಅಭ್ಯಾಸದ ಡಬ್ಬಿ. ಹಿತ್ತಲಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಕೀಲಿ ತಿರುಗಿಸಿ, ಹತ್ತು ಸಲ ಒತ್ತಿಸಿದೆ. ಹತ್ತನೆಯ ಸಲ ಅವಳು ಜೋರಾಗಿ ಕೂಗಿದಳು ಕೂಡ.