ವಾರಕ್ಕೊಂದೇ ವಾಕ್ಯಭಾಗ: ಗಡಿಬಿಡಿಯ ಮನೆಯಲ್ಲಿ ಧ್ಯಾನ ನಡೆಸುವ ಬಗೆ

ಸತ್ಯವೇದದ (ಬೈಬಲಿನ) 66 ಪುಸ್ತಕಗಳಲ್ಲಿ ಒಟ್ಟು 1,189 ಅಧ್ಯಾಯಗಳಿವೆ. ಒಂದೇ ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಮೂರು ಅಧ್ಯಾಯಕ್ಕಿಂತ ತುಸು ಹೆಚ್ಚೇ ಓದಬೇಕು. ಮನೆಯಲ್ಲಿ ಯಾರಿಗೋ ಜ್ವರ ಬಂದು ಐದು ದಿನ ತಪ್ಪಿತೆಂದರೆ ಹದಿನಾರು ಅಧ್ಯಾಯ ಬಾಕಿ. ಜನವರಿ 1ರಂದು ಆದಿಕಾಂಡದಿಂದ ಶುರು ಮಾಡಿದವರು ತಿಂಗಳ ಕೊನೆಗೆ ಯಾಜಕಕಾಂಡದ ಯಜ್ಞವಿಧಿಗಳ ಹತ್ತಿರ ಬಂದಿರುತ್ತಾರೆ. ಬಾಕಿ ಹೊತ್ತುಕೊಂಡೇ ಅಲ್ಲಿಗೆ ತಲುಪಿದವರಲ್ಲಿ ಬಹಳ ಮಂದಿ ಪುಸ್ತಕ ಮುಚ್ಚಿಬಿಡುತ್ತಾರೆ. ಅವರಲ್ಲಿ ಭಕ್ತಿ ಕಡಿಮೆ ಇತ್ತೆಂದು ನಾನು ಹೇಳುವುದಿಲ್ಲ. ಮಕ್ಕಳು, ಅಡುಗೆ, ಕೆಲಸ, ವಯಸ್ಸಾದ ಹೆತ್ತವರು ಎಲ್ಲರೂ ಇರುವ ಮನೆಗೆ ದಿನದ ಲೆಕ್ಕ ಹೊಂದುವುದಿಲ್ಲ, ವಾರದ ಲೆಕ್ಕ ಹೊಂದುತ್ತದೆ.

ನಾನು ಪಾಲಿಸುವ ಕ್ರಮದ ತಿರುಳು ಇಷ್ಟೇ: ಏಳು ದಿನಕ್ಕೆ ಒಂದೇ ವಾಕ್ಯಭಾಗ, ಏಳರಿಂದ ಹದಿನೈದು ವಚನ. ಭಾನುವಾರ ಮನೆಯವರೆಲ್ಲ ಸೇರಿ ಅದನ್ನು ಓದುತ್ತೇವೆ. ಉಳಿದ ದಿನಗಳಲ್ಲಿ ಅದೇ ಭಾಗಕ್ಕೆ ಒಬ್ಬೊಬ್ಬರಾಗಿ ಹಿಂದಿರುಗುತ್ತೇವೆ. ಮಂಗಳವಾರ ತಪ್ಪಿದರೆ ಬುಧವಾರ ಹಿಡಿಯಬಹುದು. ಎರಡು ದಿನ ತಪ್ಪಿದರೂ ಬಾಕಿ ಎಂಬುದೇ ಹುಟ್ಟುವುದಿಲ್ಲ, ಏಕೆಂದರೆ ಮುಂದಕ್ಕೆ ಓಡಿದ ಪುಸ್ತಕವೇ ಇಲ್ಲ.

ಶುರು ಮಾಡುವವರಿಗೆ, ಪೌಲನು ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಬರೆದ ಪತ್ರಿಕೆಯನ್ನು, ಅಂದರೆ ಪತ್ರವನ್ನು, ಹೇಳುತ್ತೇನೆ. ನಾಲ್ಕೇ ಅಧ್ಯಾಯ, 104 ವಚನ. ನಾನು ಅದನ್ನು ಹತ್ತು ವಾರಕ್ಕೆ ಹೀಗೆ ಹಂಚಿಕೊಳ್ಳುತ್ತೇನೆ (ಮೊದಲ ಅಂಕಿ ಅಧ್ಯಾಯ, ನಂತರದ್ದು ವಚನ): 1:1-11, 1:12-26, 1:27ರಿಂದ 2:4, 2:5-11, 2:12-18, 2:19-30, 3:1-11, 3:12ರಿಂದ 4:1, 4:2-9, 4:10-23. ಅಧ್ಯಾಯದ ಗಡಿಯನ್ನು ಎರಡು ಕಡೆ ದಾಟಿದ್ದೇನೆ. ಅಧ್ಯಾಯಗಳ ಅಂಕಿಗಳನ್ನು ಪೌಲನು ಹಾಕಿದ್ದಲ್ಲ, ಬಹಳ ನಂತರ ಸೇರಿಸಿದ್ದು. ಮಾತು ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲಿಸುವುದು ಸರಿ. ಚಿಕ್ಕ ಮಕ್ಕಳಿದ್ದರೆ ಪತ್ರಿಕೆಗಿಂತ ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆ ಒಳ್ಳೆಯದು, ಅಲ್ಲಿ ಒಂದೊಂದು ಭಾಗವೂ ಒಂದೊಂದು ಘಟನೆ. ನಾಲ್ಕು ವಾರ ಮಾತ್ರ ಪ್ರಯತ್ನಿಸಿ ನೋಡುತ್ತೇವೆ ಎನ್ನುವವರಿಗೆ ಯೋನನ ಪುಸ್ತಕ ಅಥವಾ ರೂತಳ ಪುಸ್ತಕ. ಎರಡರಲ್ಲೂ ನಾಲ್ಕು ನಾಲ್ಕು ಅಧ್ಯಾಯ. ಅಧ್ಯಾಯ ಪೂರ್ತಿ ಓದಬೇಕಾದ್ದರಿಂದ ರೂತಳ ಭಾಗಗಳು ಸ್ವಲ್ಪ ಉದ್ದವಾಗುತ್ತವೆ, ಆದರೆ ಕಥೆಯ ಓಟ ಇರುವುದರಿಂದ ಭಾರವೆನಿಸುವುದಿಲ್ಲ.

ತಯಾರಿ ಶನಿವಾರ ರಾತ್ರಿ, ಹತ್ತು ನಿಮಿಷ. ಇದನ್ನು ಬಿಟ್ಟರೆ ಭಾನುವಾರದ ಕೂಟ ಕೆಡುತ್ತದೆ. ಎಲ್ಲರೂ ಕೂತ ಮೇಲೆ ಪುಟ ಹುಡುಕುವುದು, ಕನ್ನಡಕ ಎಲ್ಲಿ ಎಂದು ಕೇಳುವುದು, ಯಾವ ಹಾಡು ಎಂದು ಚರ್ಚಿಸುವುದು, ಇಷ್ಟರಲ್ಲೇ ಮಕ್ಕಳು ಎದ್ದುಹೋಗಿರುತ್ತಾರೆ. ಶನಿವಾರ ನಾನು ಭಾಗವನ್ನು ಗಟ್ಟಿಯಾಗಿ ಒಮ್ಮೆ ಓದಿ, ನಾಲಿಗೆ ತಡವರಿಸುವ ಹೆಸರುಗಳನ್ನು ಎರಡು ಸಲ ಹೇಳಿಕೊಂಡು, ಮಕ್ಕಳಿಗೆ ಅರ್ಥವಾಗದ ಪದಗಳನ್ನು ಗುರುತು ಹಾಕುತ್ತೇನೆ. ಹಳೆಯ ಅನುವಾದದಲ್ಲಿ ಇಂಥ ಪದಗಳು ವಾರಕ್ಕೆ ಎರಡು ಮೂರಾದರೂ ಸಿಗುತ್ತವೆ. 'ನೀತಿವಂತ', 'ಕೃಪೆ', 'ವಿಮೋಚನೆ' ದೊಡ್ಡವರ ಬಾಯಲ್ಲಿ ಸಲೀಸಾಗಿ ಬರುತ್ತವೆ, ಹಾಗೆಂದು ಮಗುವಿಗೆ ತಿಳಿದಿದೆ ಎಂದಲ್ಲ. ಪ್ರತಿ ಪದಕ್ಕೂ ಮನೆಮಾತಿನ ಒಂದು ವಾಕ್ಯ ಸಿದ್ಧವಿರಲಿ. ಸರಳ ಅನುವಾದದ ಇನ್ನೊಂದು ಪ್ರತಿ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಕೊನೆಗೆ ಪ್ರಶ್ನೆ ಎರಡು, ಬರೆದಿಟ್ಟು, ಪುಟಕ್ಕೆ ಗುರುತಿನ ದಾರ ಹಾಕಿ ಮುಚ್ಚಿಡುತ್ತೇನೆ.

ಭಾನುವಾರದ ಕುಟುಂಬ ಪ್ರಾರ್ಥನೆಗೆ ಇಪ್ಪತ್ತು ನಿಮಿಷ: ಹಾಡಿಗೆ ಮೂರು, ಓದಿಗೆ ಎರಡು ಮೂರು, ಮಾತುಕತೆಗೆ ಏಳೆಂಟು, ಪ್ರಾರ್ಥನೆಗೆ ಐದು, ಉಳಿದದ್ದು ಕೂತೇಳುವುದಕ್ಕೆ. ಗಡಿಯಾರದ ಹೊತ್ತು ಗೊತ್ತು ಮಾಡಬೇಡಿ. ರಾತ್ರಿ ಎಂಟಕ್ಕೆ ಎಂದರೆ ಎಂಟಕ್ಕೇ ಫೋನ್ ಬರುತ್ತದೆ, ಎಂಟೂವರೆಯಾದ ಮೇಲೆ 'ನಾಳೆ ಮಾಡೋಣ' ಎಂಬ ಮಾತು ಬರುತ್ತದೆ. ಹೇಗೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಅದನ್ನು ಕಟ್ಟಿಹಾಕಬೇಕು. ರಾತ್ರಿಯ ಊಟ ಅದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಗೂಟ. ಆದರೆ ಊಟವಾಗಿ, ತಟ್ಟೆ ತೊಳೆದು, ಆಮೇಲೆ ಎಂದರೆ ಆಗುವುದಿಲ್ಲ. ಎದ್ದವರನ್ನು ಮತ್ತೆ ಕೂರಿಸುವುದೇ ಕಷ್ಟ. ಕೈ ತೊಳೆದು ಬಂದವರು ಅಲ್ಲೇ ಕೂರಬೇಕು, ಪಾತ್ರೆ ಕಾಯಲಿ. ಅಡುಗೆ ಮಾಡಿದವರಿಗೂ ಅದು ವಿಶ್ರಾಂತಿ. ಅವರು ಒಳಗೆ ಪಾತ್ರೆ ಉಜ್ಜುತ್ತಾ ಹೊರಗಿನವರು ಪ್ರಾರ್ಥನೆ ಮಾಡುವ ಏರ್ಪಾಡನ್ನು ನಾನು ಒಪ್ಪುವುದಿಲ್ಲ.

ಓದುವಾಗ ಕಾಗದದ ಸತ್ಯವೇದವೇ ಇರಲಿ. ಫೋನಿನಲ್ಲಿ ಓದಿದರೆ ನಡುವೆ ಒಂದು ಸಂದೇಶ ಮಿನುಗಿದರೂ ಸಾಕು, ಕಣ್ಣು ಅತ್ತ ಹೋಗುತ್ತದೆ. ಫೋನನ್ನೇ ಬಳಸಬೇಕಾದಾಗ ಇಂಟರ್ನೆಟ್ ಆಫ್ ಮಾಡಿ. ಒಬ್ಬರೇ ಓದುವುದಕ್ಕಿಂತ, ಓದಲು ಬರುವ ಎಲ್ಲರೂ ಮೂರು ಮೂರು ವಚನ ಹಂಚಿಕೊಂಡರೆ ಗಮನ ನಿಲ್ಲುತ್ತದೆ. ಸುವಾರ್ತೆಯ ಭಾಗವಾದರೆ ನಿರೂಪಕ, ಯೇಸು, ಶಿಷ್ಯರು ಎಂದು ಪಾತ್ರ ಹಂಚಬಹುದು.

ಇನ್ನು ಮಾತುಕತೆ. ಹೆಚ್ಚಿನ ಮನೆಗಳಲ್ಲಿ ಕುಟುಂಬ ಪ್ರಾರ್ಥನೆ ಬತ್ತಿಹೋಗುವುದು ಇಲ್ಲಿಯೇ. 'ಇದರಿಂದ ಏನು ಕಲಿತಿರಿ?' ಎಂದು ಕೇಳಿದರೆ 'ದೇವರನ್ನು ಪ್ರೀತಿಸಬೇಕು, ಎಲ್ಲರಿಗೂ ಸಹಾಯ ಮಾಡಬೇಕು' ಎಂಬ ಉತ್ತರ ಬರುತ್ತದೆ. ಭಾಗ ಯಾವುದೇ ಇರಲಿ, ಉತ್ತರ ಅದೇ. ಅದನ್ನು ಹೇಳಲು ಓದಿ ಕೇಳಬೇಕಾಗಿಯೂ ಇಲ್ಲ. ಪ್ರಶ್ನೆ ಬರಹದ ಒಳಗಿಂದ ಏಳಬೇಕು. ಯೇಸು ಬಿರುಗಾಳಿಯನ್ನು ನಿಲ್ಲಿಸಿದ ಮಾರ್ಕ 4:35-41 ತೆಗೆದುಕೊಳ್ಳಿ, ಏಳೇ ವಚನ. ಯೇಸು ದೋಣಿಯ ಯಾವ ಕಡೆ ಮಲಗಿದ್ದ? ಹಿಂಭಾಗದಲ್ಲಿ. ತಲೆಯ ಕೆಳಗೆ ಏನಿತ್ತು? ದಿಂಬು. ಅಂದರೆ ಅಲ್ಲಿ ಆದದ್ದು ಮೈಮರೆತ ತೂಕಡಿಕೆಯಲ್ಲ, ತಲೆಯಿಟ್ಟು ಮಾಡಿದ ನಿದ್ದೆ. ಅವರೊಂದಿಗೆ ಬೇರೆ ದೋಣಿಗಳಿದ್ದವೋ? 36ನೆಯ ವಚನ ಇದ್ದವೆನ್ನುತ್ತದೆ. ಹಾಗಾದರೆ ಗಾಳಿ ನಿಂತಾಗ ಉಳಿದದ್ದು ಶಿಷ್ಯರ ದೋಣಿಯೊಂದೇ ಅಲ್ಲ. ಕೊನೆಯ ಪ್ರಶ್ನೆ ದೊಡ್ಡವರಿಗೂ ಸೇರಿ: ಬಿರುಗಾಳಿ ಇದ್ದಾಗ ಶಿಷ್ಯರು ಹೆದರಿದ್ದರು, ನಿಂತ ಮೇಲೆ ಬಹಳವಾಗಿ ಹೆದರಿದರು ಎಂದು ಬರೆದಿದೆ, ಏಕೆ? ಆರು ವರ್ಷದ ಮಗು ದಿಂಬಿನ ಪ್ರಶ್ನೆಗೆ ಕೈ ಎತ್ತುತ್ತದೆ, ಹದಿನಾರರವರು ಕೊನೆಯ ಪ್ರಶ್ನೆಗೆ ಬಾಯಿ ಬಿಡುತ್ತಾರೆ. ಮಾರ್ಕ 5:21-43ರಲ್ಲಿ 'ಹನ್ನೆರಡು ವರುಷ' ಎಂಬ ಮಾತು ಎರಡು ಸಲ ಎಲ್ಲೆಲ್ಲಿ ಬರುತ್ತದೆ ಹುಡುಕಿ ಎಂದರೆ ಸಾಕು. ಅಲ್ಲಿ ಯೇಸು ಬದುಕಿಸಿದ ಹುಡುಗಿಯ ವಯಸ್ಸೂ ವಾಸಿಯಾದ ಹೆಂಗಸಿನ ಕಾಯಿಲೆಯ ಕಾಲವೂ ಒಂದೇ ಎಂಬುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ತಾವೇ ಕಂಡದ್ದನ್ನು ಅವರು ಮರೆಯುವುದಿಲ್ಲ. ಉತ್ತರ ಬಾರದಿದ್ದರೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಆ ಮೌನ ತಡೆಯಲಾರದೆ ನಾವೇ ಉತ್ತರ ಹೇಳಿಬಿಟ್ಟರೆ ಮುಂದಿನ ವಾರದಿಂದ ಯಾರೂ ಯೋಚಿಸುವ ಗೋಜಿಗೆ ಹೋಗುವುದಿಲ್ಲ.

ಸೋಮವಾರದಿಂದ ಶುಕ್ರವಾರದವರೆಗೆ ನನ್ನ ಸ್ವಂತ ಧ್ಯಾನ ಹತ್ತೇ ನಿಮಿಷ. ಸೋಮವಾರ ಭಾಗವನ್ನು ಮತ್ತೆ ನಿಧಾನವಾಗಿ ಓದುತ್ತೇನೆ. ಮಂಗಳವಾರ ಅದರಲ್ಲಿ ಒಂದು ವಚನವನ್ನು ಕೈಬರಹದಲ್ಲಿ ನಕಲು ಮಾಡುತ್ತೇನೆ. ಈ ನಕಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕಣ್ಣು ಹಾರಿಹೋಗುವ ಪದವನ್ನು ಕೈ ಹಾರಿಸಲಾರದು. ಫಿಲಿಪ್ಪಿ 4:6ನ್ನು ಓದುವಾಗ ಮನಸ್ಸು 'ಚಿಂತೆ ಮಾಡಬೇಡಿ' ಎಂಬಲ್ಲೇ ನಿಂತುಬಿಡುತ್ತದೆ. ಬರೆಯುವಾಗ ಪ್ರಾರ್ಥನೆ, ವಿಜ್ಞಾಪನೆಗಳ ಜೊತೆಗೆ ಕೃತಜ್ಞತಾಸ್ತುತಿಯೂ ಅಲ್ಲಿರುವುದು ಕೈಗೆ ತಾಗುತ್ತದೆ. ಹಿಂದಿನ ಸಾಲು ನೋಡಿದರೆ 5ನೆಯ ವಚನ ಕರ್ತನು ಹತ್ತಿರವಾಗಿದ್ದಾನೆ ಎಂದು ಮುಗಿದಿದೆ, ಅಂದರೆ ಚಿಂತೆಯ ಮಾತಿಗೆ ಆಧಾರ ಮೊದಲೇ ಬಂದಿದೆ. ಇನ್ನೂ ಮೇಲೆ, 2ನೆಯ ವಚನದಲ್ಲಿ, ಮನಸ್ತಾಪವಿರುವ ಇಬ್ಬರು ವಿಶ್ವಾಸಿ ಹೆಂಗಸರಿಗೆ ಒಂದೇ ಮನಸ್ಸುಳ್ಳವರಾಗಿರಿ ಎಂದು ಪೌಲನು ಬೇಡಿಕೊಳ್ಳುತ್ತಾನೆ. ಬರೆಯುತ್ತಿರುವವನು ಸ್ವತಃ ಸೆರೆಯಲ್ಲಿದ್ದಾನೆ, ಅದು 1:13ರಲ್ಲಿದೆ. ಇಷ್ಟೆಲ್ಲ ಸುತ್ತುಕೊಂಡ ಮೇಲೆ ಆ ವಚನ ಗೋಡೆಯ ಕ್ಯಾಲೆಂಡರಿನ ಸಾಲಿನಂತೆ ಇರುವುದಿಲ್ಲ. ನಕಲು ಮಾಡಲು ನಾಲ್ಕೈದು ನಿಮಿಷ ಹಿಡಿಯುತ್ತದೆ. ಅಕ್ಷರ ಚೆನ್ನಾಗಿರಬೇಕಿಲ್ಲ, ಆದರೆ 'ಆದರೆ', 'ಆದಕಾರಣ' ಎಂಬಂಥ ಪದಗಳಿಗೆ ಅಡಿಗೆರೆ ಎಳೆಯಿರಿ. ಪತ್ರಿಕೆಗಳ ವಾದ ತಿರುಗುವುದು ಆ ಪದಗಳ ಮೇಲೆ.

ಬುಧವಾರ ಅದೇ ವಚನವನ್ನು ಪ್ರಾರ್ಥನೆಯಾಗಿ ತಿರುಗಿಸುವುದು, ಗುರುವಾರ ಭಾಗದ ಹಿಂದುಮುಂದಿನ ಹತ್ತು ವಚನ ನೋಡುವುದು, ಶುಕ್ರವಾರ ಪುಸ್ತಕ ಮುಚ್ಚಿ ನೆನಪಿನಿಂದ ಹೇಳಿಕೊಳ್ಳುವುದು. ಬೆಳಿಗ್ಗೆ ಕೂರಲು ಆಗದ ದಿನ ಸತ್ಯವೇದದ ಆಡಿಯೋ ಹಾಕಿಕೊಂಡು ಬಟ್ಟೆ ಮಡಿಸುತ್ತಾ ಅದೇ ಭಾಗವನ್ನು ಮೂರು ಸಲ ಕೇಳುತ್ತೇನೆ. ಅಡುಗೆಯ ಹೊತ್ತಿಗೆ ಇದು ಆಗದು; ಒಲೆಯ ಮೇಲೆ ಕಣ್ಣಿಟ್ಟವರಿಗೆ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ.

ಪ್ರಾರ್ಥನೆಗೆ ಒಂದು ನೋಟ್‌ಪುಸ್ತಕ. ಪ್ರತಿ ಪುಟದಲ್ಲಿ ಮೂರು ಅಂಕಣ: ತಾರೀಖು, ಬೇಡಿಕೆ, ಉತ್ತರ ಬಂದ ತಾರೀಖು. ಯಾರಾದರೂ 'ನಮಗಾಗಿ ಪ್ರಾರ್ಥಿಸಿ' ಎಂದಾಗ ಅಲ್ಲೇ ಬರೆದುಕೊಳ್ಳಿ. 'ಆಗಲಿ' ಎಂದು ಹೇಳಿ ಮರೆಯುವುದು ಎಲ್ಲರಿಗೂ ಆಗುವ ತಪ್ಪು, ಅದು ಸಣ್ಣ ತಪ್ಪಲ್ಲ. ಪಟ್ಟಿ ಮೂವತ್ತು ದಾಟಿದರೆ ದಿನವೂ ಎಲ್ಲವನ್ನೂ ಓದುವುದು ಹಾಜರಿ ಕರೆದಂತಾಗುತ್ತದೆ. ಅದಕ್ಕೇ ದಿನ ಹಂಚುತ್ತೇನೆ: ಸೋಮವಾರ ಮನೆಯವರು, ಮಂಗಳವಾರ ಬಂಧುಗಳು, ಬುಧವಾರ ರೋಗಿಗಳು ಮತ್ತು ದುಃಖದಲ್ಲಿರುವವರು, ಗುರುವಾರ ಸಭೆ (ಚರ್ಚ್) ಮತ್ತು ಸಭಾಪಾಲಕರು, ಶುಕ್ರವಾರ ಶಾಲೆ ಮತ್ತು ಕೆಲಸದ ಜಾಗ, ಶನಿವಾರ 1 ತಿಮೊಥೆಯ 2:1-2 ಹೇಳುವಂತೆ ಅಧಿಕಾರದಲ್ಲಿರುವವರು. ಮೂರು ತಿಂಗಳಿಗೊಮ್ಮೆ ಮೂರನೆಯ ಅಂಕಣವನ್ನು ಎಲ್ಲರ ಮುಂದೆ ಓದಿ. ಖಾಲಿ ಇರುವ ಸಾಲುಗಳನ್ನೂ ಓದಿ. ಉತ್ತರ ಸಿಕ್ಕಿದ್ದನ್ನು ಮಾತ್ರ ಹೇಳಿದರೆ ಮಕ್ಕಳಿಗೆ ಅರ್ಧ ಸತ್ಯ ಕಲಿಸಿದಂತೆ. ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ 13ನೆಯ ಕೀರ್ತನೆ 'ಎಷ್ಟರವರೆಗೆ' ಎಂದು ಮತ್ತೆ ಮತ್ತೆ ಕೇಳುತ್ತದೆ, ಆ ಪ್ರಶ್ನೆಗೆ ನಮ್ಮ ಮನೆಯಲ್ಲೂ ಜಾಗವಿರಬೇಕು.

ಎಡವುವ ಜಾಗಗಳಲ್ಲಿ ಮೊದಲನೆಯದು, ಪ್ರಾರ್ಥನೆಯ ನೆವದಲ್ಲಿ ಬೈಯುವುದು. 'ಕರ್ತನೇ, ಇವನಿಗೆ ಓದುವ ಮನಸ್ಸು ಕೊಡು, ಅಮ್ಮನ ಮಾತು ಕೇಳುವ ಹಾಗೆ ಮಾಡು' ಎಂದು ಮಗನ ಎದುರೇ ಪ್ರಾರ್ಥಿಸಿದರೆ ಅವನಿಗೆ ಕೇಳುವುದು ದೂರು ಮಾತ್ರ. ಮಕ್ಕಳ ತಪ್ಪುಗಳಿಗಾಗಿ ಒಂಟಿಯಾಗಿ ಪ್ರಾರ್ಥಿಸಿ; ಎಲ್ಲರೂ ಕೂತಾಗ ಅವರಿಗಾಗಿ ಕೃತಜ್ಞತೆ ಹೇಳಿ. ಎರಡನೆಯದು ಉದ್ದ. ಎರಡು ವಾರ ಚೆನ್ನಾಗಿ ನಡೆದರೆ ಇಪ್ಪತ್ತು ನಿಮಿಷ ಮೂವತ್ತೈದಾಗುತ್ತದೆ, ಮನೆಯ ಹಿರಿಯರ ಪ್ರಾರ್ಥನೆಯೇ ಹತ್ತಾಗುತ್ತದೆ, ಆಮೇಲೆ ಮಕ್ಕಳಿಗೆ ಪ್ರತಿ ಭಾನುವಾರ ತಲೆನೋವು ಬರತೊಡಗುತ್ತದೆ. ಒಬ್ಬೊಬ್ಬರು ಒಂದೇ ವಾಕ್ಯ ಪ್ರಾರ್ಥಿಸಲಿ, ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಕೂಡಿ ಹೇಳಲಿ. ನಾಲ್ಕು ವರ್ಷದೊಳಗಿನ ಮಗು ಐದು ನಿಮಿಷ ಕೂತರೆ ಅದೇ ಹೆಚ್ಚು. ಹಾಡಿಗೆ ಕೂತು, ಆಮೇಲೆ ಅಲ್ಲೇ ನೆಲದ ಮೇಲೆ ಚಿತ್ರ ಬರೆಯುತ್ತಾ ಇರಲಿ. ಗಂಡನಿಗೋ ಹೆಂಡತಿಗೋ ಆಸಕ್ತಿ ಇಲ್ಲದಿದ್ದರೆ ಅವರನ್ನು ಪ್ರಾರ್ಥನೆಗೆ ಕರೆಯಿರಿ, ಒಮ್ಮೆ ಮಾತ್ರ ಕರೆಯಿರಿ. ವಾರವಾರವೂ ಒತ್ತಾಯಿಸಿದರೆ ಅದೇ ಜಗಳದ ವಿಷಯವಾಗುತ್ತದೆ.

ಹಾಡು ಒಂದನ್ನೇ ನಾಲ್ಕು ವಾರ ಹಾಡಿ, ಎರಡು ಚರಣ ಸಾಕು. ಕಂಠಪಾಠದ ವಚನವೂ ತಿಂಗಳಿಗೆ ಒಂದೇ.

ಪರೀಕ್ಷೆಯ ವಾರ, ಆಸ್ಪತ್ರೆಯ ವಾರ, ರಾತ್ರಿ ಪಾಳಿಯ ವಾರ ಬಂದೇ ಬರುತ್ತದೆ. ಆಗ ಇಪ್ಪತ್ತು ನಿಮಿಷದ ಕ್ರಮಕ್ಕೆ ಹೋರಾಡುವುದು ಬೇಡ. ಮೂರು ನಿಮಿಷದ್ದು ಮೊದಲೇ ಸಿದ್ಧವಿರಲಿ. ಕೀರ್ತನೆ 120ರಿಂದ 134ರವರೆಗೆ ಹದಿನೈದು ಯಾತ್ರಾಗೀತೆಗಳಿವೆ, 132 ಒಂದನ್ನು ಬಿಟ್ಟರೆ ಎಲ್ಲವೂ ಚಿಕ್ಕವು. 131, 133, 134 ಮೂರು ಮೂರೇ ವಚನ. ಒಂದು ಕೀರ್ತನೆ, ಕರ್ತನ ಪ್ರಾರ್ಥನೆ, ಕೊನೆಗೆ ಅರಣ್ಯಕಾಂಡ 6:24-26ರ ಆಶೀರ್ವಾದ, ಮನೆಯಲ್ಲಿರುವ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು. ಆಸ್ಪತ್ರೆಯಲ್ಲಿರುವವರಿಗೆ ಇದನ್ನೇ ಫೋನಿನಲ್ಲಿ ಹೇಳಬಹುದು. ಗುರುತಿನ ದಾರವನ್ನು ಮಾತ್ರ ಆ ವಾರ ಸರಿಸಬೇಡಿ, ಮುಂದಿನ ಭಾನುವಾರ ಅದೇ ಪುಟ ತೆರೆಯಿರಿ.