ಕನ್ನಡ ಪೋಸ್ಟ್‌ಗಳಿಗೆ ನಾನೇ ಒಂದು ಫೀಡ್ ಕಟ್ಟಿದೆ

ಬ್ಲೂಸ್ಕೈ ಅನ್ನುವ ಸಾಮಾಜಿಕ ಜಾಲತಾಣದಲ್ಲಿ ಕನ್ನಡ ಪೋಸ್ಟ್‌ಗಳನ್ನು ಮಾತ್ರ ತೋರಿಸುವ ಒಂದು ಫೀಡನ್ನು ನಾನು ನಡೆಸುತ್ತಿದ್ದೇನೆ. ಫೀಡ್ ಅಂದರೆ ಆ್ಯಪ್ ತೆರೆದಾಗ ಒಂದರ ಕೆಳಗೊಂದು ಕಾಣುವ ಪೋಸ್ಟ್‌ಗಳ ಸಾಲು. ಯಾವ ಪೋಸ್ಟ್ ಬರಬೇಕು, ಯಾವುದು ಮೇಲಿರಬೇಕು, ಯಾವುದು ಕೆಳಗೆ ಹೋಗಬೇಕು ಅನ್ನುವ ನಿಯಮ ನಾನು ಬರೆದದ್ದು. ಅದು ಹಿಡಿಸದವರು ತಕ್ಷಣ ತೆಗೆದುಹಾಕಬಹುದು, ಇನ್ನೊಬ್ಬರು ಕಟ್ಟಿದ್ದನ್ನು ಹಾಕಿಕೊಳ್ಳಬಹುದು. ಅವರ ಖಾತೆ, ಅವರ ಸ್ನೇಹಿತರು, ಅವರು ಬರೆದದ್ದು ಎಲ್ಲ ಇದ್ದಲ್ಲೇ ಇರುತ್ತದೆ. ನನಗೆ ಮುಖ್ಯವಾದದ್ದು ಇದೇ.

ಯಾಕೆಂದರೆ ನಾವು ಬಳಸುವ ಬಹುತೇಕ ಆ್ಯಪ್‌ಗಳಲ್ಲಿ ಜನ ಮತ್ತು ಆಯ್ಕೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಾರೆ. ಅಲ್ಲಿ ನಮಗೆ ಏನು ತೋರಿಸಬೇಕು ಅಂತ ಕಂಪನಿಯ ಅಲ್ಗಾರಿದಮ್, ಅಂದರೆ ಅವರು ಕಂಪ್ಯೂಟರಿಗೆ ಬರೆದುಕೊಟ್ಟ ನಿಯಮಗಳು, ತೀರ್ಮಾನಿಸುತ್ತದೆ. ಅದರ ತೀರ್ಮಾನ ಬೇಡ ಅನ್ನಿಸಿದರೆ ಆ್ಯಪನ್ನೇ ಬಿಡಬೇಕು. ಆ್ಯಪ್ ಬಿಟ್ಟರೆ ಕಾಲೇಜಿನ ಗೆಳೆಯರು, ಊರಿನವರು, ಹತ್ತು ವರ್ಷ ಬರೆದದ್ದು ಎಲ್ಲವನ್ನೂ ಬಿಡಬೇಕು. ಹಾಗಾಗಿ ಯಾರೂ ಬಿಡುವುದಿಲ್ಲ. ಬೈದುಕೊಂಡೇ ನೋಡುತ್ತಾ ಇರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಇನ್ನೊಂದು ಬಟನ್ ಕೊಟ್ಟರೆ ಇದು ಸರಿಹೋಗುವುದಿಲ್ಲ. ಆಯ್ಕೆ ಮಾಡುವ ಕೆಲಸವನ್ನು ಆ ಗಂಟಿನಿಂದ ಬಿಡಿಸಿ ಹೊರಗೆ ತೆಗೆಯಬೇಕು.

ಬ್ಲೂಸ್ಕೈ ಶುರುವಾದದ್ದು ಟ್ವಿಟರ್‌ನ ಒಳಗೇ. 2019ರ ಡಿಸೆಂಬರ್‌ನಲ್ಲಿ ಆಗ ಟ್ವಿಟರ್ ಮುಖ್ಯಸ್ಥರಾಗಿದ್ದ ಜಾಕ್ ಡಾರ್ಸಿ ಇದನ್ನು ಪ್ರಕಟಿಸಿದ್ದರು. 2021ರಲ್ಲಿ ಜೇ ಗ್ರೇಬರ್ ಮುಂದಾಳತ್ವದಲ್ಲಿ ಅದು ಬೇರೆ ಕಂಪನಿಯಾಯಿತು. ಯಾರು ಬೇಕಾದರೂ ಫೀಡ್ ಕಟ್ಟಬಹುದು ಅನ್ನುವ ಸೌಲಭ್ಯ ಬಂದದ್ದು 2023ರ ಮೇನಲ್ಲಿ. ಆಹ್ವಾನವಿಲ್ಲದೆ ಎಲ್ಲರೂ ಸೇರಬಹುದು ಅಂತಾದದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿ ಕನ್ನಡದವರು ತೀರಾ ಕಡಿಮೆ. ಬರೆಯುವವರು ಅಲ್ಲೊಬ್ಬರು ಇಲ್ಲೊಬ್ಬರು. ಒಬ್ಬರ ಪೋಸ್ಟ್ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಕಾಣದಿದ್ದರೆ ಉತ್ತರ ಬರುವುದಿಲ್ಲ, ಉತ್ತರ ಬರದಿದ್ದರೆ ಬರೆಯುವ ಹುಮ್ಮಸ್ಸೂ ಇರುವುದಿಲ್ಲ ಅಲ್ವಾ?

ಒಳಗಿನ ಕೆಲಸ ಅಂದುಕೊಂಡಷ್ಟು ದೊಡ್ಡದಲ್ಲ. ಬ್ಲೂಸ್ಕೈನಲ್ಲಿ ಸಾರ್ವಜನಿಕವಾಗಿ ನಡೆಯುವುದೆಲ್ಲ, ಅಂದರೆ ಪೋಸ್ಟ್, ಲೈಕ್, ಫಾಲೋ ಎಲ್ಲವೂ, ಒಂದು ಹರಿವಿನಲ್ಲಿ ಬರುತ್ತಾ ಇರುತ್ತದೆ. ಅದಕ್ಕೆ ಫೈರ್‌ಹೋಸ್ ಅನ್ನುತ್ತಾರೆ. ಅದರದೇ ಹಗುರ ರೂಪ ಜೆಟ್‌ಸ್ಟ್ರೀಮ್. ಅದನ್ನು ಕೇಳಿಸಿಕೊಳ್ಳಲು ಯಾರ ಅನುಮತಿಯೂ ಬೇಡ, ದುಡ್ಡೂ ಕೊಡಬೇಕಿಲ್ಲ. ನನ್ನ ಸರ್ವರ್, ಅಂದರೆ ಸದಾ ಇಂಟರ್ನೆಟ್ಟಿನಲ್ಲಿರುವ ಕಂಪ್ಯೂಟರ್, ಜೆಟ್‌ಸ್ಟ್ರೀಮ್‌ಗೆ ಕಿವಿಗೊಟ್ಟು ಕೂತಿರುತ್ತದೆ. ಕನ್ನಡ ಪೋಸ್ಟ್ ಕಂಡರೆ ಅದರ ವಿಳಾಸ, ಬರೆದವರ ಗುರುತು, ಸಮಯ ಇಂಥವನ್ನು ಮಾತ್ರ ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಪೋಸ್ಟ್‌ನ ಪಠ್ಯವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಯಾರಾದರೂ ಪೋಸ್ಟ್ ಅಳಿಸಿದರೆ ಆ ಸುದ್ದಿಯೂ ಅದೇ ಹರಿವಿನಲ್ಲಿ ಬರುತ್ತದೆ, ಆಗ ನನ್ನ ಪಟ್ಟಿಯಿಂದಲೂ ತೆಗೆಯುತ್ತೇನೆ. ಅಳಿಸುವುದು ಬರೆದವರ ಹಕ್ಕು. ಅದನ್ನು ಮೀರಿ ಇನ್ನೊಬ್ಬರು ಜೋಪಾನ ಮಾಡಬಾರದು.

ಓದುಗರು ಫೀಡ್ ತೆರೆದಾಗ ಬ್ಲೂಸ್ಕೈ ನನ್ನ ಸರ್ವರ್‌ಗೆ ಕೇಳುತ್ತದೆ: ಏನು ತೋರಿಸಲಿ? ನಾನು ಕಳಿಸುವುದು ಬರೀ ವಿಳಾಸಗಳ ಪಟ್ಟಿ. ಹೆಸರು, ಚಿತ್ರ, ಪಠ್ಯ ಎಲ್ಲವನ್ನೂ ಬ್ಲೂಸ್ಕೈಯೇ ತುಂಬಿಕೊಳ್ಳುತ್ತದೆ. ಓದುಗರು ಯಾರನ್ನಾದರೂ ಬ್ಲಾಕ್ ಮಾಡಿದ್ದರೆ ಅವರದ್ದನ್ನು ತೆಗೆದುಹಾಕುವುದೂ ಅದರದೇ ಕೆಲಸ. ಈ ವಿಂಗಡಣೆ ನನಗೆ ತುಂಬಾ ಇಷ್ಟವಾಯಿತು. ನಾನು ಸಾಲು ಜೋಡಿಸಬಹುದು, ಆದರೆ ಬೇಡ ಅಂದವರ ಕಣ್ಣಮುಂದೆ ಯಾರನ್ನೂ ತಂದು ನಿಲ್ಲಿಸಲು ಆಗುವುದಿಲ್ಲ.

ಕಷ್ಟ ಇರುವುದು ನಿಯಮದಲ್ಲಿ. ಮೊದಲ ಪ್ರಶ್ನೆಯೇ ಯಾವುದು ಕನ್ನಡ ಪೋಸ್ಟ್ ಅನ್ನುವುದು. ಬಹುತೇಕ ಪೋಸ್ಟ್‌ಗಳಿಗೆ ಭಾಷೆಯ ಗುರುತು ಅಂಟಿರುತ್ತದೆ. ಆದರೆ ನಮ್ಮವರ ಫೋನು ಇಂಗ್ಲಿಷಿನಲ್ಲಿ ಇರುತ್ತದೆ, ಹಾಗಾಗಿ ಅಚ್ಚಗನ್ನಡದ ಪೋಸ್ಟ್ ಮೇಲೂ ಇಂಗ್ಲಿಷ್ ಅಂತಲೇ ಗುರುತು ಬಿದ್ದಿರುತ್ತದೆ. ಅದನ್ನು ನಂಬುವಂತಿಲ್ಲ. ಅದಕ್ಕೆ ಲಿಪಿಯನ್ನೇ ಹಿಡಿದೆ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗ ಮೀಸಲು. ಅದರ ಹಿಂದೆ ತೆಲುಗು, ಮುಂದೆ ಮಲಯಾಳಂ. ಈ ಸಾಲಿನ ಅಕ್ಷರ ಕಂಡರೆ ಹಿಡಿ, ಅಷ್ಟೇ.

ಅಷ್ಟೇ ಸಾಲದು. ಜಗತ್ತಿನಲ್ಲಿ ಕನ್ನಡದ ಗಂಧವೇ ಇಲ್ಲದ ಜನ ದಿನಾ ಒಂದು ಕನ್ನಡ ಅಕ್ಷರ ಬಳಸುತ್ತಾರೆ: ಠ. ಎರಡು ಠ ನಡುವೆ ಒಂದು ಗೆರೆ, ಠ_ಠ. ಹುಬ್ಬು ಗಂಟಿಕ್ಕಿಕೊಂಡು ದುರುಗುಟ್ಟಿ ನೋಡುವ ಮುಖ. ಅಳುವ ಮುಖಕ್ಕೆ ಥ_ಥ. ಬರೀ ಲಿಪಿ ನೋಡುವ ನಿಯಮ ಹಾಕಿದರೆ ಬ್ರೆಜಿಲ್, ಜಪಾನ್, ಅಮೆರಿಕದ ಸಿಟ್ಟೆಲ್ಲ ಕನ್ನಡ ಫೀಡಿಗೆ ಬರುತ್ತದೆ. ಅದಕ್ಕೆ ಎರಡು ಷರತ್ತು ಸೇರಿಸಿದೆ. ಕನಿಷ್ಠ ಹತ್ತು ಕನ್ನಡ ಅಕ್ಷರ ಇರಬೇಕು. ಒಂದೇ ಅಕ್ಷರ ಮತ್ತೆಮತ್ತೆ ಬಂದಿರಬಾರದು, ಬೇರೆಬೇರೆ ಇರಬೇಕು. ಪೋಸ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡ ಇರಬೇಕು ಅಂತಲೂ ಹಾಕಬಹುದಿತ್ತು. ಹಾಕಲಿಲ್ಲ. ನಾವು ಮಾತಾಡುವುದೇ ಇಂಗ್ಲಿಷ್ ಬೆರೆಸಿ, ಬರೆಯುವುದೂ ಹಾಗೆಯೇ. ಶುದ್ಧ ಕನ್ನಡದವರಿಗೆ ಮಾತ್ರ ಜಾಗ ಅನ್ನುವ ಫೀಡ್ ನನಗೆ ಬೇಕಿರಲಿಲ್ಲ.

ಲಿಪಿ ನೋಡಿದರೆ ತುಳು, ಕೊಡವ, ಬ್ಯಾರಿ, ಕನ್ನಡ ಲಿಪಿಯ ಕೊಂಕಣಿ ಎಲ್ಲವೂ ಬರುತ್ತವೆ. ಬೇರ್ಪಡಿಸುವುದು ಕಷ್ಟವೇನಲ್ಲ. ಉಂಡು, ಇಜ್ಜಿ, ಎಂಚ, ದಾದ ಇಂಥ ನಾಲ್ಕಾರು ಪದ ಕೊಟ್ಟರೆ ತುಳು ಪೋಸ್ಟ್ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ತೆಗೆಯಲೋ ಬೇಡವೋ ಅಂತ ಮಂಗಳೂರಿನ ಸ್ನೇಹಿತೆಯನ್ನು ಕೇಳಿದೆ. "ಅಲ್ಲ ಮಾರಾಯ, ನಮ್ಮದನ್ನು ಇಡುವುದೋ ಬಿಡುವುದೋ ಅಂತ ನೀನ್ಯಾಕೆ ಹೇಳುವುದು? ನೋಡುವವರು ಹೇಳಲಿ" ಅಂದಳು. ಸರಿಯಾದ ಮಾತು. ಈಗ ಎಲ್ಲವೂ ಸೇರಿದ್ದು ಒಂದು, ಕನ್ನಡ ಮಾತ್ರ ಇರುವುದು ಒಂದು, ಹೀಗೆ ಎರಡು ಇವೆ. ತುಳುವಿನದ್ದು ಮಾತ್ರ ಇರುವ ಫೀಡನ್ನು ಅವಳೇ ನೋಡಿಕೊಳ್ಳುತ್ತಾಳೆ. ಪದಗಳ ಪಟ್ಟಿಯೂ ಅವಳದ್ದೇ.

ಇನ್ನು ಯಾವುದು ಮೇಲೆ, ಯಾವುದು ಕೆಳಗೆ. ಹೊಸದು ಮೇಲೆ ಅನ್ನುವುದೇ ನ್ಯಾಯ ಅಂತ ಬಹಳ ಜನ ಹೇಳುತ್ತಾರೆ. ಅದೂ ಒಂದು ಅಲ್ಗಾರಿದಮ್ಮೇ, ಮತ್ತು ಅದು ಜಾಸ್ತಿ ಬರೆಯುವವರ ಪರ. ಸುದ್ದಿ ಖಾತೆಯೊಂದು ತನ್ನ ವೆಬ್‌ಸೈಟಿನ ಪ್ರತಿ ಲಿಂಕನ್ನೂ ತಾನಾಗಿ ಹಾಕುತ್ತಾ ಹೋದರೆ, ರಾತ್ರಿ ಊಟ ಮುಗಿಸಿ ಫೋನ್ ತೆರೆದವರಿಗೆ ಬರೀ ಅದೇ ಕಾಣುತ್ತದೆ. ಬೆಳಗ್ಗೆ ಯಾರೋ ತಮ್ಮ ಅಜ್ಜಿಯ ಬಗ್ಗೆ ಚೆನ್ನಾಗಿ ಬರೆದದ್ದು ಎಲ್ಲೋ ಕೆಳಗೆ ಹೋಗಿಬಿಟ್ಟಿರುತ್ತದೆ. ಅದಕ್ಕೆ ಸಮಯದ ಸಾಲಿನಲ್ಲೂ ಒಂದು ಮಿತಿ ಇಟ್ಟೆ: ಒಂದು ಸಲಕ್ಕೆ ಕಳಿಸುವ ಪಟ್ಟಿಯಲ್ಲಿ ಒಬ್ಬರದ್ದು ಎರಡೇ ಪೋಸ್ಟ್. ಇದೊಂದೇ ನಿಯಮದಿಂದ ಆದ ಉಪಯೋಗ ಉಳಿದ ಯಾವುದರಿಂದಲೂ ಆಗಿಲ್ಲ.

ಜೊತೆಗೆ ಮಾತುಕತೆಯ ಫೀಡ್ ಅಂತ ಇನ್ನೊಂದನ್ನು ಮಾಡಿದೆ. ಅದರಲ್ಲಿ ಲೈಕ್ ಲೆಕ್ಕಕ್ಕೇ ಇಲ್ಲ. ಲೈಕ್ ಎಣಿಸಿದರೆ ಹಿಂಬಾಲಕರು ಜಾಸ್ತಿ ಇರುವವರೇ ಮೇಲೆ ಇರುತ್ತಾರೆ. ಉತ್ತರಗಳ ಸಂಖ್ಯೆ ಹಿಡಿದರೂ ಸರಿಯಾಗುವುದಿಲ್ಲ. ಇಬ್ಬರು ಜಗಳಕ್ಕೆ ಬಿದ್ದು ನಲವತ್ತು ಉತ್ತರ ಬರೆದರೆ ಆ ಜಗಳವೇ ಎಲ್ಲರ ತಲೆ ಮೇಲೆ ಕೂರುತ್ತದೆ. ದೊಡ್ಡ ಆ್ಯಪ್‌ಗಳಲ್ಲಿ ನಾವು ದಿನಾ ನೋಡುವುದೂ ಅದನ್ನೇ. ಹಾಗಾಗಿ ಎಷ್ಟು ಉತ್ತರ ಅಂತ ನೋಡುವ ಬದಲು, ಎಷ್ಟು ಬೇರೆಬೇರೆ ಜನ ಉತ್ತರಿಸಿದ್ದಾರೆ ಅಂತ ನೋಡುತ್ತೇನೆ. ಆ ಸಂಖ್ಯೆಯನ್ನು ಪೋಸ್ಟ್ ಬಂದು ಎಷ್ಟು ಗಂಟೆಯಾಯಿತೋ ಅದಕ್ಕೆ ಎರಡು ಕೂಡಿಸಿ ಬಂದದ್ದರಿಂದ ಭಾಗಿಸುತ್ತೇನೆ. ಒಂದು ಗಂಟೆಯ ಹಿಂದಿನ ಪೋಸ್ಟ್‌ಗೆ ಮೂವರು ಉತ್ತರಿಸಿದ್ದರೆ ಅಂಕ ಒಂದು. ಹತ್ತು ಗಂಟೆಯ ಹಿಂದಿನದಕ್ಕೆ ಹನ್ನೆರಡು ಜನ ಉತ್ತರಿಸಿದ್ದರೆ ಅದಕ್ಕೂ ಒಂದು. ಬೆಳಗಿನ ಒಳ್ಳೆಯ ಮಾತು ರಾತ್ರಿಯವರೆಗೂ ಉಳಿಯುತ್ತದೆ, ಆದರೆ ಮೂರು ದಿನ ತಳ ಊರುವುದಿಲ್ಲ. ಹೊಸದಾಗಿ ಬರೆಯಲು ಶುರುಮಾಡಿದವರಿಗೆ ಯಾರೂ ಉತ್ತರಿಸಿರುವುದಿಲ್ಲ, ಅವರು ಈ ಲೆಕ್ಕದಲ್ಲಿ ಯಾವತ್ತೂ ಮೇಲೆ ಬರಲಾರರು. ಪ್ರತಿ ಐದನೇ ಜಾಗ ಅವರಿಗೆ ಬಿಟ್ಟಿದ್ದೇನೆ.

ಈ ನಿಯಮಗಳನ್ನೆಲ್ಲ ಫೀಡಿನ ವಿವರಣೆಯಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. 300 ಅಕ್ಷರದ ಮಿತಿ ಇದೆ, ಸಾಕಾಗುತ್ತದೆ. ಅಷ್ಟರಲ್ಲಿ ಹೇಳಲಾಗದಷ್ಟು ಗೋಜಲಾದ ನಿಯಮವನ್ನು ಜನರ ಮೇಲೆ ಹೇರುವುದೇ ಬೇಡ ಅಂತ ನನ್ನ ಅಭಿಪ್ರಾಯ. ಕೋಡನ್ನೂ ತೆರೆದಿಟ್ಟಿದ್ದೇನೆ.

ಒಂದು ವಿಷಯ ಫೀಡ್ ಹಾಕಿಕೊಳ್ಳುವ ಎಲ್ಲರಿಗೂ ಗೊತ್ತಿರಬೇಕು. ನೀವು ಲಾಗಿನ್ ಆಗಿ ಯಾರದೋ ಫೀಡ್ ತೆರೆದಾಗ, ಕೇಳುತ್ತಿರುವವರು ಯಾರು ಅನ್ನುವ ಗುರುತೂ ಆ ಫೀಡಿನ ಸರ್ವರ್‌ಗೆ ಹೋಗುತ್ತದೆ. ಒಬ್ಬೊಬ್ಬರಿಗೂ ಬೇರೆಬೇರೆ ಪಟ್ಟಿ ಮಾಡಿಕೊಡಲು ಅದು ಬೇಕು. ನಾನು ಅದನ್ನು ಓದುವುದೂ ಇಲ್ಲ, ಉಳಿಸುವುದೂ ಇಲ್ಲ. ಆದರೆ ಓದುವವರು ಇರಬಹುದು. ಕಂಪನಿಯಿಂದ ಅಧಿಕಾರ ಕಿತ್ತು ಫೀಡ್ ಕಟ್ಟುವವರ ಕೈಗೆ ಕೊಟ್ಟ ಮಾತ್ರಕ್ಕೆ ಜನರಿಗೆ ಹಿಡಿತ ಸಿಕ್ಕಹಾಗಲ್ಲ. ಕಟ್ಟಿದವರು ಯಾರು, ನಿಯಮ ಏನು, ಏನು ಉಳಿಸಿಕೊಳ್ಳುತ್ತಾರೆ ಅಂತ ಕೇಳಿ. ಹೇಳದಿದ್ದರೆ ಆ ಫೀಡನ್ನು ತೆಗೆದುಬಿಡಿ.

ನಮ್ಮ ಮನೆಯವರು ಹೆಚ್ಚಾಗಿ ಇರುವುದು ಯೂಟ್ಯೂಬ್, ಇನ್‌ಸ್ಟಾಗ್ರಾಂನಲ್ಲಿ. ಅಲ್ಲಿ ಹೀಗೆ ಬಿಡಿಸಿ ತೆಗೆಯಲು ಆಗುವುದಿಲ್ಲ. ಬೇಡ ಅನ್ನುವ ಬಟನ್‌ಗಳು ಇವೆ, ನಿಜ. ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆ 2022ರಲ್ಲಿ ಸಾವಿರಾರು ಜನರ ಯೂಟ್ಯೂಬ್ ಶಿಫಾರಸುಗಳನ್ನು ಪರೀಕ್ಷಿಸಿತು. 'ನಾಟ್ ಇಂಟರೆಸ್ಟೆಡ್' ಒತ್ತಿದರೆ ಅಂಥದೇ ವಿಡಿಯೊಗಳಲ್ಲಿ ಶೇ. 11ರಷ್ಟು ಮಾತ್ರ ತಪ್ಪಿದವು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು 'ಡೋಂಟ್ ರೆಕಮೆಂಡ್ ಚಾನೆಲ್', ಅದೂ ಶೇ. 43. ಹಾಗಾಗಿ ಅಮ್ಮನ ಫೋನಿನಲ್ಲಿ ಬೇರೆ ದಾರಿ ಹಿಡಿದೆ. ವಾಚ್ ಹಿಸ್ಟರಿ, ಅಂದರೆ ನೋಡಿದ ವಿಡಿಯೊಗಳ ದಾಖಲೆಯನ್ನು ಪೂರ್ತಿ ಅಳಿಸಿ ಆಫ್ ಮಾಡಿದೆ. 2023ರ ಆಗಸ್ಟ್‌ನಿಂದ ಹೀಗೆ ಮಾಡಿದವರಿಗೆ ಮುಖಪುಟ ಖಾಲಿಯೇ ಬರುತ್ತದೆ. ಅಮ್ಮ ಈಗ ಕೆಳಗಿನ ಸಬ್‌ಸ್ಕ್ರಿಪ್ಶನ್ಸ್ ಒತ್ತಿ ತನಗೆ ಬೇಕಾದ ಅಡುಗೆ, ದೇವರನಾಮದ ಚಾನೆಲ್‌ಗಳನ್ನಷ್ಟೇ ನೋಡುತ್ತಾಳೆ.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಇದೆ. ಡಿಜಿಟಲ್ ಸರ್ವಿಸಸ್ ಆ್ಯಕ್ಟ್‌ನ 38ನೇ ವಿಧಿ ಪ್ರಕಾರ, ತೀರಾ ದೊಡ್ಡ ಆ್ಯಪ್‌ಗಳು ಬಳಕೆದಾರರ ಜಾತಕ, ಅಂದರೆ ಅವರ ಬಗ್ಗೆ ಕಲೆಹಾಕಿದ ಮಾಹಿತಿ, ನೋಡದೆ ಶಿಫಾರಸು ಮಾಡುವ ಕನಿಷ್ಠ ಒಂದು ದಾರಿಯನ್ನಾದರೂ ಕೊಡಲೇಬೇಕು. ಜರ್ಮನಿಯಲ್ಲೋ ಐರ್ಲೆಂಡ್‌ನಲ್ಲೋ ಇರುವ ಕನ್ನಡಿಗರು ಸೆಟ್ಟಿಂಗ್ಸ್ ಹುಡುಕಿ ನೋಡಿ, ಅದು ನಿಮಗೆ ಇರುವ ಹಕ್ಕು. ನಮ್ಮ ದೇಶದಲ್ಲಿ ಅಂಥ ನಿಯಮ ಇಲ್ಲ. ಬರಬೇಕು.

ಕೋಡ್ ಬರುವುದಿಲ್ಲ ಅಂತ ಹಿಂಜರಿಯುವವರಿಗೆ ಸ್ಕೈಫೀಡ್, ಗ್ರೇಜ್ ಅನ್ನುವ ಸಾಧನಗಳಿವೆ. ಅವುಗಳಲ್ಲಿ ನಿಯಮಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಸಾಕು, ಸರ್ವರ್ ಕೂಡ ಬೇಡ. ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಮ್ಮನ ಮಗಳು ಹೀಗೆ ಅಡಿಕೆಯ ಫೀಡ್ ಒಂದನ್ನು ಮಾಡಿದ್ದಾಳೆ. ಮೊದಲು ಅಡಿಕೆ, ಧಾರಣೆ, ಎಲೆಚುಕ್ಕೆ, ಕೊಳೆರೋಗ ಅಂತ ಪದ ಕೊಟ್ಟಳು. ಆಮೇಲೆ ಮಾರುಕಟ್ಟೆಯಲ್ಲಿ ಹೇಳುವ ಬಗೆಗಳು: ಸರಕು, ಬೆಟ್ಟೆ, ರಾಶಿ, ಗೊರಬಲು. ರಾಶಿ ಅಂತ ಕೊಟ್ಟದ್ದೇ ತಡ, ಮೇಷ ವೃಷಭದ ದಿನಭವಿಷ್ಯವೆಲ್ಲ ಬಂದು ತುಂಬಿಕೊಂಡಿತು. "ಅಣ್ಣಾ, ಭವಿಷ್ಯ ಅಂತ ಇದ್ದರೆ ತೆಗಿ ಅನ್ನಲಾ?" ಅಂತ ಫೋನ್ ಮಾಡಿದಳು. ಮಾತು ಮುಗಿಸುವ ಮೊದಲು ಅವಳೇ ಬೇಡ ಅಂದಳು. ಅಡಿಕೆಯ ಭವಿಷ್ಯ ಏನಾಗುತ್ತೋ ಅಂತ ಬರೆಯುವವರೇ ಅಲ್ಲಿ ಜಾಸ್ತಿ, ಅವರೂ ಹೋಗಿಬಿಡುತ್ತಾರೆ. ಕೊನೆಗೆ ರಾಶಿ ಅನ್ನುವ ಪದದ ಜೊತೆ ಅಡಿಕೆಯೋ ಕ್ವಿಂಟಾಲೋ ಇದ್ದರೆ ಮಾತ್ರ ಹಿಡಿ ಅಂತ ಹಾಕಿದಳು. ನಿನ್ನೆಯ ಧಾರಣೆ ಇಟ್ಟುಕೊಂಡು ಇವತ್ತು ಏನು ಮಾಡುವುದು ಅಂತ 24 ಗಂಟೆ ದಾಟಿದ್ದನ್ನೂ ತೆಗೆದಳು. ರೋಗದ ಫೋಟೊ ಇರುವ ಪೋಸ್ಟ್‌ಗಳನ್ನು ಮಾತ್ರ ಮಳೆಗಾಲ ಮುಗಿಯುವವರೆಗೆ ಉಳಿಸಿಕೊಳ್ಳಬೇಕು ಅಂತ ಈಗ ಬೇರೆ ಫೀಡ್ ಜೋಡಿಸುತ್ತಿದ್ದಾಳೆ.