ಜರ್ಸಿ ಆಮೇಲೆ, ಮೊದಲು ಮಣ್ಣು

ನಮ್ಮದು ಶಿವಮೊಗ್ಗ ಕಡೆಯ ಸಣ್ಣ ಕ್ರಿಕೆಟ್ ಕ್ಲಬ್. ಟರ್ಫ್ ಇಲ್ಲ, ತೆಂಗಿನ ನಾರಿನ ಮ್ಯಾಟ್ ಮೇಲೆ ಆಟ. ಜೂನ್‌ನಲ್ಲಿ ಮಳೆ ಹಿಡಿದರೆ ಮ್ಯಾಟ್ ಸುತ್ತಿ ಶೆಡ್ಡಿಗೆ ಹಾಕುತ್ತೇವೆ. ಮತ್ತೆ ಹೊರಗೆ ಬರುವುದು ದಸರಾ ಹೊತ್ತಿಗೆ. ಮೂರು ವರ್ಷದಿಂದ ಈ ತಯಾರಿಯೆಲ್ಲ ನನ್ನ ತಲೆಗೇ ಬಿದ್ದಿದೆ.

ಮೊದಲ ವರ್ಷದ ಮೀಟಿಂಗ್‌ನಲ್ಲಿ ಒಂದು ಗಂಟೆ ಜರ್ಸಿ ಬಣ್ಣದ ಬಗ್ಗೆಯೇ ಮಾತಾಯಿತು. ಪಿಚ್ ವಿಷಯ ಬಂದಾಗ ಎಲ್ಲರೂ ಎದ್ದು ಚಪ್ಪಲಿ ಹುಡುಕುತ್ತಿದ್ದರು. ನನಗೂ ಅದು ದೊಡ್ಡ ಕೆಲಸ ಅನ್ನಿಸಿರಲಿಲ್ಲ. ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಒಂದು ಟ್ರ್ಯಾಕ್ಟರ್ ಹೊಡೆಸಿ, ನೀರು ಬಿಟ್ಟು, ರೋಲರ್ ಎಳೆಸಿದೆ. ಕನ್ನಡಿ ಹಾಗೆ ಕಂಡಿತು. ಹತ್ತು ದಿನ ಬಿಸಿಲು ಬಿದ್ದ ಮೇಲೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಮ್ಯಾಟ್ ಹಾಸಿದರೆ ಇದೊಂದೂ ಮೇಲೆ ಕಾಣುವುದಿಲ್ಲ ನೋಡಿ. ಮೊದಲ ಮ್ಯಾಚ್‌ನಲ್ಲಿ ಹೆಚ್ಚುಕಮ್ಮಿ ಒಂದೇ ಜಾಗಕ್ಕೆ ಬಿದ್ದ ಎರಡು ಚೆಂಡಿನಲ್ಲಿ ಒಂದು ಮೊಣಕಾಲಿಗೆ ಬಂತು, ಇನ್ನೊಂದು ಹೆಲ್ಮೆಟ್ಟಿಗೆ. ಓಪನರ್ ಹೆಬ್ಬೆರಳು ಊದಿಸಿಕೊಂಡು ಹದಿನೈದು ದಿನ ಕೂತ. ತಪ್ಪು ನನ್ನದೇ.

ದಾರಿ ತೋರಿಸಿದವರು ನಮ್ಮ ಹುಡುಗನೊಬ್ಬನ ಅಪ್ಪ. ಬೇಸಾಯದವರು, ಕ್ರಿಕೆಟ್ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಮ್ಯಾಟ್ ಎತ್ತಿ ನೋಡಿ, “ನಿಮ್ಮ ಮನೇಲಿ ಯಾರೂ ಒಕ್ಕಣೆಗೆ ಕಣ ಮಾಡಿಲ್ವೇನ್ರಪ್ಪಾ?” ಅಂದರು. ಅವರು ಹೇಳಿದಂತೆ ನಾಲ್ಕು ಬೆರಳು ಆಳ ಅಗೆದೆವು. ಬೇರು, ಕಲ್ಲು ಆರಿಸಿದೆವು. ಬರೀ ಗೋಡು ಬೇಡ, ಅರ್ಧ ಕೆಮ್ಮಣ್ಣು ಸೇರಿಸಿ ಅಂದರು. ಎರಡನ್ನೂ ಜರಡಿ ಹಿಡಿದು ಬೆರೆಸಿ, ಒಂದೊಂದೇ ಪದರ ಹಾಕಿ ನೀರು ಚಿಮುಕಿಸಿದೆವು. ಹುತ್ತದ ಮಣ್ಣು ಇನ್ನೂ ಒಳ್ಳೆಯದು ಅಂತ ಒಬ್ಬರು ಹೇಳಿದರು. ಹುತ್ತಕ್ಕೆ ಗುದ್ದಲಿ ಹಾಕಲು ಮಾತ್ರ ಯಾರೂ ಮುಂದೆ ಬರಲಿಲ್ಲ!

ಕಷ್ಟ ಇರುವುದು ಹದ ನೋಡುವುದರಲ್ಲಿ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಬೆರಳಿಗೆ ಅಂಟಬಾರದು. ಅಂಟಿದರೆ ರೋಲರ್ ಮಣ್ಣನ್ನೇ ಕಿತ್ತುಕೊಂಡು ಬರುತ್ತದೆ. ಗುರುತೇ ಬೀಳದಿದ್ದರೆ ಎಷ್ಟು ಎಳೆದರೂ ದಂಡ. ಈ ಹದ ಬೆಳಿಗ್ಗೆ ಎರಡು ಗಂಟೆ ಸಿಕ್ಕರೆ ಜಾಸ್ತಿ. ಹಾಗಾಗಿ ಆರು ಗಂಟೆಗೆ ಬರುವವರ ಪಟ್ಟಿ ಮಾಡಿದೆ. ಬ್ಯಾಟ್ಸ್‌ಮನ್‌ಗಳೇ ಜಾಸ್ತಿ ಚಕ್ಕರ್ ಹೊಡೆದರು, ಅದು ಬೇರೆ ಮಾತು.

ಮ್ಯಾಟನ್ನು ಎರಡೂ ಮಗ್ಗುಲು ಬಿಸಿಲಿಗೆ ಹಾಕಿ, ಕೋಲಲ್ಲಿ ಬಡಿದೆವು. ಹರಿದ ಕಡೆ ಗೋಣಿ ಹೊಲಿಯುವ ದಬ್ಬಳದಿಂದ ಹೊಲಿದೆವು. ಮೊಳೆ ಹೊಡೆಯುವಾಗ ಪ್ರತಿ ವರ್ಷ ಒಂದು ಜಗಳ ಇದ್ದೇ ಇದೆ. ಬಿಗಿಯಾಗಿ ಎಳೆದರೆ ಚೆಂಡು ವೇಗವಾಗಿ ಬಂದು ಪುಟಿಯುತ್ತದೆ. ಸ್ವಲ್ಪ ಸಡಿಲ ಬಿಟ್ಟರೆ ನಿಧಾನವಾಗಿ ತಿರುಗುತ್ತದೆ. ಸ್ಪಿನ್ನರ್‌ಗಳು ಹತ್ತಿರ ಬಂದು “ಅಣ್ಣಾ, ಸಾಕು ಬಿಡಿ” ಅನ್ನುತ್ತಾರೆ. ನಾನು ಬಿಡುವುದಿಲ್ಲ. ಸಡಿಲ ಮ್ಯಾಟ್ ಮಡಿಕೆ ಬಿದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ. ಮೊಳೆ ತಲೆ ಮೇಲೆದ್ದಿದೆಯಾ ಅಂತ ಕೈಯಾಡಿಸಿ ನೋಡುವುದನ್ನೂ ಬೇರೆಯವರಿಗೆ ಬಿಡುವುದಿಲ್ಲ.

ಸ್ಟಂಪಿನಿಂದ ಸ್ಟಂಪಿಗೆ 22 ಗಜ, ಅಂದರೆ 66 ಅಡಿ. ಹೆಜ್ಜೆ ಹಾಕಿ ಅಳೆಯುವ ಹಳೆಯ ಚಾಳಿ ಬಿಡಿಸಿ ಟೇಪ್ ಹಿಡಿಸಿದ್ದೇನೆ.

ಉಳಿದದ್ದು ಚಿಲ್ಲರೆ ಕೆಲಸ. ಪ್ಯಾಡಿನ ಪಟ್ಟಿ ಹೊಲಿಸಿದೆವು, ಬಿರುಕು ಬಿಟ್ಟ ಹೆಲ್ಮೆಟ್ ಎಸೆದೆವು, ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಿ ಮರದ ಸುತ್ತಿಗೆಯಲ್ಲಿ ಬಡಿದು ಹದ ಮಾಡಿದೆವು. ವೇಗದ ಬೌಲರ್‌ಗಳಿಗೆ ಮೊದಲ ವಾರ ದಿನಕ್ಕೆ ಮೂರೇ ಓವರ್. ಮಳೆಗಾಲವೆಲ್ಲ ಕೂತವನು ಬಂದ ದಿನವೇ ಹತ್ತು ಓವರ್ ಹಾಕಿದರೆ ಸೊಂಟ ಹಿಡಿಯದೆ ಇರುತ್ತಾ?

ಆಯುಧಪೂಜೆ ದಿನ ರೋಲರ್‌ಗೆ ಕುಂಕುಮ ಹಚ್ಚಿ, ಹೂ ಹಾಕಿ, ಕುಂಬಳಕಾಯಿ ಒಡೆದೆವು. ಈ ವರ್ಷದ ಮೊದಲ ಮ್ಯಾಚ್‌ನಲ್ಲಿ ಚೆಂಡು ಒಂದೇ ಎತ್ತರಕ್ಕೆ ಬರುತ್ತಿತ್ತು. ಜರ್ಸಿ ಮಾತ್ರ ಬಂದಿರಲಿಲ್ಲ. ಆರು ಜನ ಹಳೆಯ ನೀಲಿಯಲ್ಲಿ, ಐದು ಜನ ಮನೆಯ ಬಿಳಿ ಟೀ ಶರ್ಟಿನಲ್ಲಿ ಆಡಿದರು.